ಕೆಮ್ಮಿದ್ದು ನಾನೇ ಎಂದು ಬರೆದುಕೊಳ್ಳಿ

ಪ್ರಾಣಿಧಾಮದ ಆಡಳಿತಾಧಿಕಾರಿಗಳ ಗಮನಕ್ಕೆ, ಅವರ ಗಮನ ಬೇರೆಡೆ ಇದ್ದರೆ ಊರವರ ಗಮನಕ್ಕೆ,

ಮಾನ್ಯರೇ, ತಮ್ಮ ಕಚೇರಿಗೆ ನಾನು ಕೊಟ್ಟ ಮೂರೂ ಅರ್ಜಿಗಳನ್ನು ಈ ಮೂಲಕ ವಾಪಸ್ ಪಡೆಯುತ್ತಿದ್ದೇನೆ. ಆಗಸ್ಟ್ ಹನ್ನೊಂದರ ಬುಧವಾರ ತಮ್ಮ ಪ್ರಾಣಿಧಾಮದೊಳಗೆ ಕೆಮ್ಮಿದ್ದು ನಾನಲ್ಲ, ಪಂಜರದ ಮೈನಾ ಹಕ್ಕಿ ಎಂದು ಎರಡು ತಿಂಗಳು ತಮ್ಮೊಂದಿಗೆ ಗುದ್ದಾಡಿದೆ. ಕೊನೆಗೂ ತಾವು ಒಪ್ಪಿದಿರಿ. ಒಪ್ಪಿದ ಕೈಯಲ್ಲೇ ಹಕ್ಕಿಯನ್ನು ಗಡೀಪಾರು ಮಾಡಿದಿರಿ. ಬರುವ ಸೋಮವಾರ ಅದನ್ನು ಹೊರ ಜಿಲ್ಲೆಗೆ ಸಾಗಿಸಬೇಕೆಂಬ ಆದೇಶದ ಪ್ರತಿ ನನ್ನ ಮೇಜಿನ ಮೇಲಿದೆ. ಆ ಆದೇಶ ರದ್ದಾಗಬೇಕು. ಅದಕ್ಕಾಗಿ ತಮ್ಮ ಹಳೆಯ ದಾಖಲೆಯೇ ಸರಿ ಎಂದು ಒಪ್ಪಿಕೊಳ್ಳಲು ನಾನು ತಯಾರಿದ್ದೇನೆ. ಲಕೋಟೆಯಲ್ಲಿ ಹಾಕಿ ಕಳಿಸಿದರೆ ಕಡತದೊಳಗೆ ನಿದ್ದೆ ಹೋಗುತ್ತದೆಂದು ಗೊತ್ತಿರುವುದರಿಂದ ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆ.

ನಾನು ತೀರ್ಥಹಳ್ಳಿಯ ತಾಲೂಕು ಕಚೇರಿ ಎದುರು ಮೇಜು ಹಾಕಿಕೊಂಡು ಮೂವತ್ತೊಂದು ವರ್ಷದಿಂದ ಜನರಿಗೆ ಅರ್ಜಿ ಬರೆದುಕೊಡುವವಳು. ಖಾತೆ ಬದಲಾವಣೆ, ವಿಧವಾ ವೇತನ, ರೇಷನ್ ಕಾರ್ಡು ಎಲ್ಲ ಬರೆದಿದ್ದೇನೆ. ಆದರೆ ಹೆಚ್ಚು ಬರೆದದ್ದು ಪ್ರಾಣಿಗಳ ಮೇಲೆ. ಕಾಡುಕೋಣ ಗದ್ದೆಗೆ ನುಗ್ಗಿತು, ಮಂಗ ಬಾಳೆಗೊನೆ ಮುಗಿಸಿತು, ಹಂದಿ ಗೆಣಸಿನ ಪಾತಿ ಬಗೆಯಿತು, ತಾವು ದಯಮಾಡಿ ಪರಿಹಾರ ಕೊಡಿಸಬೇಕು. ಕಾಡುಕೋಣದ ಮೇಲೆಯೇ ನಾನೂರು ಅರ್ಜಿ ಬರೆದಿರಬಹುದು. ಒಂದು ಕಾಡುಕೋಣವನ್ನಾದರೂ ಹತ್ತಿರದಿಂದ ನೋಡಿದವಳಲ್ಲ. ಲಾಕ್‌ಡೌನಿನಲ್ಲಿ ಎರಡೂವರೆ ತಿಂಗಳು ಮೇಜು ಕವುಚಿ ಹಾಕಿ ಮನೆಯಲ್ಲಿ ಕೂತಾಗ ಇದೇ ವಿಚಾರ ಕಾಡಲು ಶುರುವಾಯಿತು. ಪ್ರತಿವಾದಿಯ ಮುಖ ಕೂಡ ನೋಡದೆ ಇಷ್ಟು ವರ್ಷ ದೂರು ಬರೆದೆನಲ್ಲ, ಇದೆಂಥ ನ್ಯಾಯ? ಎರಡನೇ ಅಲೆ ಇಳಿದು ತಮ್ಮ ಪ್ರಾಣಿಧಾಮ ಮತ್ತೆ ತೆರೆಯಿತೆಂದು ಕೇಳಿದ್ದೇ, ಬುತ್ತಿ ಕಟ್ಟಿಕೊಂಡು ಹೊಸನಗರದ ಬಸ್ಸು ಹತ್ತಿದೆ. ಅಲ್ಲಿಂದ ಸಾಗರದ ದಾರಿಯಲ್ಲಿ ಆಟೋ.

ಹೆಬ್ಬಾಗಿಲಿನ ಸಿಮೆಂಟ್ ಹುಲಿಯ ಬಾಯೊಳಗೆ ಹಾದು ಬಂದ ನನಗೆ ಸಿಕ್ಕಿದ್ದು ಆ ದಿನದ ಒಂದನೇ ನಂಬರಿನ ಟಿಕೆಟ್ಟು. ಸಂಜೆಯವರೆಗೂ ಎರಡನೇ ನಂಬರು ಹುಟ್ಟಲಿಲ್ಲ. ಆದರೂ ತಮ್ಮ ಧ್ವನಿವರ್ಧಕ ಕಾಲು ಗಂಟೆಗೊಮ್ಮೆ ಗುಂಪು ಸೇರಬೇಡಿ ಎಂದು ನನಗೆ ಎಚ್ಚರಿಕೆ ಕೊಡುತ್ತಿತ್ತು. ಆಟದ ರೈಲಿನಲ್ಲಿ ನಾನು ಕೂತ ಸೀಟಿನ ಮೇಲೆ ಅಡ್ಡಗೆರೆ ಇದೆಯೆಂದು ಎಬ್ಬಿಸಿ ಪಕ್ಕದ್ದರಲ್ಲಿ ಕೂರಿಸಿದರು. ಯಾರಿಂದ ಅಂತರ ಎಂದು ಕೇಳಿದೆ. ನಿಯಮ ಮೇಡಂ, ಎಂದರು. ಹನ್ನೊಂದು ಗಂಟೆಗೆ ಪ್ರಾಣಿಗಳಿಗೆ ಊಟ ಹಾಕುವ ಪ್ರದರ್ಶನದಲ್ಲಿ ಮೈಕು ಹಿಡಿದವರು ಮುನ್ನೂರು ಖಾಲಿ ಕುರ್ಚಿಗಳ ಕಡೆ ನೋಡಿ, ಎಲ್ಲರೂ ಜೋರಾಗಿ ಚಪ್ಪಾಳೆ ತಟ್ಟಬೇಕು ಎಂದರು. ಎಲ್ಲರ ಪರವಾಗಿ ನಾನು ತಟ್ಟಿದೆ. ಕಾಡುಕೋಣದ ಎದುರು ಮುಕ್ಕಾಲು ಗಂಟೆ ನಿಂತೆ. ಅದೂ ನನ್ನನ್ನೇ ನೋಡಿತು. ಎರಡು ತಿಂಗಳು ಮನುಷ್ಯರನ್ನೇ ಕಾಣದ ಪ್ರಾಣಿಗೆ ನಾನೇ ಪ್ರದರ್ಶನವಾಗಿದ್ದೆ ಅನ್ನಿಸುತ್ತದೆ. ನಾನೂರು ಅರ್ಜಿಯ ವಿಷಯ ಅದಕ್ಕೆ ಹೇಳಲು ಬಾಯಿ ಬರಲಿಲ್ಲ. ನಿಜ ಹೇಳಬೇಕೆಂದರೆ, ಅಷ್ಟು ಖುಷಿಯಾಗಿ ನಾನೊಂದು ದಿನ ಕಳೆದು ಎಷ್ಟೋ ವರ್ಷವಾಗಿತ್ತು.

ಮೂರು ಗಂಟೆಗೆ ಹಕ್ಕಿಗಳ ಸಾಲಿಗೆ ಬಂದೆ. ಅದು ಹೊರಬಾಗಿಲಿನ ಪಕ್ಕಕ್ಕೇ ಇದೆ, ನಡುವೆ ಒಂದು ಗೋಡೆ ಅಷ್ಟೆ. ಅಲ್ಲಿ ಯಾರೋ ಗಂಡಸು ಕೆಮ್ಮಿದರು. ಮೂರು ಸಣ್ಣ ಕೆಮ್ಮು, ಒಂದು ಉದ್ದದ್ದು, ಆಮೇಲೆ ಗಂಟಲು ಸರಿಮಾಡಿಕೊಂಡು, ‘ಬಂದೆ, ಬಂದೆ.’ ನಾನು ಸೆರಗು ಮೂಗಿಗೆ ಒತ್ತಿಕೊಂಡು ಸುತ್ತ ನೋಡಿದರೆ ಯಾರೂ ಇಲ್ಲ. ಹಳದಿ ಕೊಕ್ಕಿನ ಕಪ್ಪು ಮೈನಾ ಒಂದು ಕೋಲಿನ ಮೇಲೆ ಕೂತು ಕತ್ತು ಓರೆ ಮಾಡಿ ನನ್ನನ್ನು ನೋಡುತ್ತಿತ್ತು. ನನಗೆ ನಗು ತಡೆಯಲಾಗಲಿಲ್ಲ. ಗೋಡೆಯಾಚೆ ಕೋವಿಡ್ ತಪಾಸಣೆಯ ಮೇಜಿನಲ್ಲಿದ್ದವರಿಗೆ ನಗು ಬರಲಿಲ್ಲ.

ಆ ಮೇಜಿನಲ್ಲಿ ಕೂತಿದ್ದವರು ಬೇರೆ ಇಲಾಖೆಯಿಂದ ಎರವಲು ಬಂದ ಗುಮಾಸ್ತರು. ಅವರ ತರ್ಕವನ್ನು ನಾನು ಇವತ್ತಿಗೂ ಮೆಚ್ಚುತ್ತೇನೆ. ಒಳಗೆ ಕೆಮ್ಮು ಕೇಳಿಸಿದೆ. ಸಿಬ್ಬಂದಿಯೆಲ್ಲರ ನೆಗೆಟಿವ್ ವರದಿ ಮೇಜಿನ ಮೇಲಿದೆ. ಹೊರಗಿನಿಂದ ಬಂದವರು ಒಬ್ಬರೇ. ಆದ್ದರಿಂದ ಕೆಮ್ಮಿದವರು ಆ ಒಬ್ಬರು. ಕೆಮ್ಮಿದ್ದು ಹಕ್ಕಿ ಎಂದೆ. ಅವರು ಬರೆಯುತ್ತಲೇ ಇದ್ದರು. ಅದು ಗಂಡಸಿನ ಧ್ವನಿಯಲ್ಲವೇ ಎಂದೆ. ಗಂಟಲು ಕೆಟ್ಟಾಗ ಧ್ವನಿ ಗಡಸಾಗುವುದು ಸಹಜ ಎಂದು ಅದನ್ನೂ ಒಂದು ಲಕ್ಷಣವೆಂದು ಸೇರಿಸಿಕೊಂಡರು. ಮಾತಾಡಿದಷ್ಟೂ ನನ್ನ ಕಾಯಿಲೆ ಬೆಳೆಯುತ್ತಿತ್ತು. ಏಕೈಕ ಸಂದರ್ಶಕಿಗೆ ತೀವ್ರ ಕೆಮ್ಮು, ಎಂದು ರಿಜಿಸ್ಟರಿನಲ್ಲಿ ದಾಖಲಾಯಿತು.

ಅಲ್ಲಿಂದ ನೇರ ಒಂದು ಖಾಲಿ ಹಾಸ್ಟೆಲಿಗೆ, ಏಳು ದಿನ. ನಾವು ಜೈನರು, ಹೊತ್ತು ಮುಳುಗಿದ ಮೇಲೆ ಊಟ ಮಾಡುವವರಲ್ಲ. ಅಲ್ಲಿ ರಾತ್ರಿಯೂಟದ ಪೊಟ್ಟಣ ಬರುತ್ತಿದ್ದುದು ಎಂಟಕ್ಕೆ. ನಾನು ಮುಟ್ಟದೆ ವಾಪಸ್ ಕೊಟ್ಟೆ. ಎರಡನೇ ದಿನವೂ ಕೊಟ್ಟೆ. ಮೂರನೇ ದಿನ ನನ್ನ ಹಾಳೆಯಲ್ಲಿ ‘ರುಚಿ ಮತ್ತು ವಾಸನೆ ಹೋಗಿರುವ ಶಂಕೆ’ ಎಂದು ಬರೆದಿತ್ತು. ಪರೀಕ್ಷೆಯ ವರದಿ ನೆಗೆಟಿವ್ ಬಂತು. ಆದರೆ ಊರಿಗೆ ವರದಿಗಿಂತ ಮೊದಲು ಸುದ್ದಿ ಮುಟ್ಟಿತ್ತು. ನನ್ನ ಮೇಜಿನ ಮುಂದೆ ನಿಲ್ಲುತ್ತಿದ್ದವರೆಲ್ಲ ರಸ್ತೆಯಾಚೆ ಹರಿಪ್ರಸಾದರ ಜೆರಾಕ್ಸ್ ಅಂಗಡಿಗೆ ಹೋದರು. ಮೂವತ್ತೊಂದು ವರ್ಷ ತಹಶೀಲ್ದಾರರಿಗೆ ಹೆದರದ ಈ ಪ್ರಭಾವತಿ ಆ ಎರಡು ತಿಂಗಳು ಗಂಟಲಲ್ಲಿ ಅನ್ನ ಸಿಕ್ಕಿಕೊಂಡರೂ ಕೆಮ್ಮಲಿಲ್ಲ. ನನಗೆ ಅವಮಾನವಾಗಿತ್ತು. ಹೆಸರು ಸರಿಮಾಡಿಸಿಕೊಳ್ಳಬೇಕೆಂಬ ಹಠ ಹುಟ್ಟಿದ್ದು ಹಾಗೆ.

ಮೊದಲನೇ ಅರ್ಜಿಗೆ ತಾವು, ಪಕ್ಷಿಗಳು ಕೆಮ್ಮುವುದಿಲ್ಲ ಎಂದು ಉತ್ತರಿಸಿದಿರಿ. ಎರಡನೆಯದಕ್ಕೆ ಸ್ಥಳ ತನಿಖೆ ಮಾಡಿಸಿದಿರಿ. ‘ತನಿಖೆಯ ವೇಳೆ ಸದರಿ ಪಕ್ಷಿಯು ಮೌನವಾಗಿತ್ತು’ ಎಂಬ ವರದಿ ಬಂತು. ಅಧಿಕಾರಿಗಳ ಮುಂದೆ ಮೌನವಾಗಿರಬೇಕೆಂದು ಕಾಡಿನ ಹಕ್ಕಿಗೂ ತಿಳಿದಿದೆಯಲ್ಲ ಎಂದುಕೊಂಡು, ನಾನೇ ಮೊಬೈಲು ಹಿಡಿದು ಸಾಕ್ಷಿ ಹಿಡಿಯಲು ಹೊರಟೆ. ಅದೊಂದು ಶುಕ್ರವಾರ. ಪಂಜರದ ಮುಂದೆ ಒಂದೂವರೆ ಗಂಟೆ ನಿಂತರೂ ಮೈನಾ ತುಟಿಪಿಟಕ್ ಅನ್ನಲಿಲ್ಲ. ಅದಕ್ಕೆ ತೋರಿಸಿಕೊಡಲು ನಾನೇ ನಾಲ್ಕು ಸಲ ಕೆಮ್ಮಿದೆ. ಹಕ್ಕಿಗಳ ಕೆಲಸಕ್ಕೆ ಹೊಸದಾಗಿ ಬಂದ ಮಂಜುನಾಥಪ್ಪ ಅದನ್ನು ನೋಡಿ ಹತ್ತಿರ ಬಂದರು. ಸ್ವಲ್ಪ ಇರಿ, ದುಗ್ಗಮ್ಮ ಬರುವ ಹೊತ್ತು, ಅವರಿಗೆ ಮಾತ್ರ ಅದು ತಪ್ಪಿಸುವುದಿಲ್ಲ ಎಂದರು. ಹಕ್ಕಿ ಕೆಮ್ಮುವುದು ನಿಮಗೆಲ್ಲ ಗೊತ್ತಿತ್ತೇ ಎಂದು ಕೇಳಿದೆ.

‘ಗೊತ್ತಿಲ್ದೆ ಏನಕ್ಕಾ. ಹೇಳಕ್ಕೆ ಹೋದೆ. ನಿನ್ನ ಕೇಳಿದ್ರಾ ಅಂದ್ರು.’

ಆ ಕೆಮ್ಮು ಮುಕುಂದಯ್ಯನವರದು. ತಮಗೆ ಹೆಸರು ನೆನಪಿಲ್ಲದಿದ್ದರೆ, ಹದಿನಾಲ್ಕು ವರ್ಷ ತಮ್ಮ ಹಕ್ಕಿಗಳಿಗೆ ನೀರು, ಹಣ್ಣು ಇಟ್ಟವರು. ಬೆಳಿಗ್ಗೆ ಬೀಡಿ ಸೇದಿ, ಕೆಮ್ಮುತ್ತ, ‘ಬಂದೆ, ಬಂದೆ’ ಎನ್ನುತ್ತ ಪಂಜರದ ಹತ್ತಿರ ಬರುತ್ತಿದ್ದರಂತೆ. ಮೇ ತಿಂಗಳಲ್ಲಿ ಜ್ವರ ಬಂದು ಆಂಬುಲೆನ್ಸ್ ಹತ್ತಿದವರು ಮನೆಗೆ ಮರಳಲಿಲ್ಲ. ಅವರ ಹೆಂಡತಿ ದುಗ್ಗಮ್ಮನಿಗೆ ದೂರದಿಂದ ಪ್ಲಾಸ್ಟಿಕ್ಕಿನ ಒಂದು ಗಂಟು ತೋರಿಸಿದರು. ಮುಖ ತೋರಿಸಲಿಲ್ಲ. ಮನೆಯಲ್ಲಿರುವ ಒಂದೇ ಫೋಟೋ ಮದುವೆಯದು, ಅದರಲ್ಲಿ ಅವರ ಮುಖದ ಮೇಲೆ ಬಾಸಿಂಗದ ನೆರಳಿದೆ. ಫೋನು ಬರೀ ಮಾತಾಡುವಂಥದ್ದು, ಅದರಲ್ಲಿ ಧ್ವನಿ ಉಳಿಯುವುದಿಲ್ಲ. ಜುಲೈಯಲ್ಲಿ ಗಂಡನ ಬುತ್ತಿ ಡಬ್ಬಿ ತೆಗೆದುಕೊಂಡು ಹೋಗಲು ಇಲ್ಲಿಗೆ ಬಂದಾಗ ಆಕೆಯ ಬೆನ್ನ ಹಿಂದೆ ಮೈನಾ ಕೆಮ್ಮಿತು. ಅಂದಿನಿಂದ ಪ್ರತಿ ಶುಕ್ರವಾರ ವರದಮೂಲದ ಕಡೆಯಿಂದ ಬಸ್ಸಿನಲ್ಲಿ ಬರುತ್ತಾರೆ. ಹಿಂಬಾಗಿಲಿನಿಂದ ಬಿಡುವುದರಿಂದ ತಮ್ಮ ರಿಜಿಸ್ಟರಿನಲ್ಲಿ ಅವರಿಲ್ಲ.

ಆ ದಿನವೂ ಬಂದರು. ಸೀರೆಯ ಸೆರಗಿನಲ್ಲಿ ಎರಡು ಬಾಳೆಹಣ್ಣು ಕಟ್ಟಿಕೊಂಡು ಬಂದಿದ್ದರು. ನನ್ನನ್ನು ನೋಡಲೂ ಇಲ್ಲ, ಪಂಜರದ ಎದುರಿನ ಕಟ್ಟೆಯಲ್ಲಿ ಕೂತರು. ಒಂದೂವರೆ ಗಂಟೆ ನನ್ನ ಮುಖಕ್ಕೆ ಮುಖ ಕೊಡದಿದ್ದ ಹಕ್ಕಿ ಕೆಳಗಿನ ಕೋಲಿಗೆ ಇಳಿದು ಕೆಮ್ಮಿತು. ಮೂರು ಸಣ್ಣದು, ಒಂದು ಉದ್ದದ್ದು, ಬಂದೆ, ಬಂದೆ. ದುಗ್ಗಮ್ಮ ಹಣ್ಣು ಸುಲಿಯುತ್ತ ಅದಕ್ಕೆ ಬೈದರು.

‘ಬೀಡಿ ಬಿಟ್ಟುಬಿಡಿ ಅಂತ ಎಷ್ಟು ಬಡ್ಕೊಂಡೆ. ಕೇಳಿದ್ರಾ ನೀವು?’

ನಾನು ಮೊಬೈಲು ಹಿಡಿದ ಕೈ ಇಳಿಸಬೇಕಿತ್ತು. ಇಳಿಸಲಿಲ್ಲ. ಅದು ನನ್ನ ಹಠ, ನನ್ನ ತಪ್ಪು. ನನ್ನ ಕಷ್ಟ ಹೇಳಿಕೊಂಡೆ. ಆಕೆ, ಇದು ನಮ್ಮೋರ ಕೆಮ್ಮೇ, ಎಲ್ಲಿ ಬೇಕಾದರೂ ಹೇಳ್ತೀನಿ ಎಂದು ನನ್ನ ಮೂರನೇ ಅರ್ಜಿಗೆ ಸಾಕ್ಷಿಯಾಗಿ ಹೆಬ್ಬೆಟ್ಟು ಒತ್ತಿದರು. ಗಂಡನ ಕೆಮ್ಮು ಸರ್ಕಾರಿ ಕಾಗದದಲ್ಲಿ ಬರುತ್ತದೆಂದು ಅವರಿಗೆ ಹೆಮ್ಮೆಯೇ ಆಗಿತ್ತು.

ಮಾನ್ಯರೇ, ನಾನು ಬರೆದ ಅರ್ಜಿಗೆ ಒಂಬತ್ತೇ ದಿನದಲ್ಲಿ ಆದೇಶ ಬಂದದ್ದು ಇಷ್ಟು ವರ್ಷದಲ್ಲಿ ಇದೊಂದೇ. ಗದ್ದೆ ಕಳೆದುಕೊಂಡವರು ಒಂಬತ್ತು ವರ್ಷ ಅಲೆದಿದ್ದಾರೆ. ಆದೇಶ ಹೀಗಿದೆ: ‘ಸದರಿ ಪಕ್ಷಿಯು ರೋಗಲಕ್ಷಣವನ್ನು ಹೋಲುವ ಧ್ವನಿ ಹೊರಡಿಸಿ ಸಾರ್ವಜನಿಕರಲ್ಲಿ ಭೀತಿ ಉಂಟುಮಾಡುತ್ತಿರುವುದು ಸಾಬೀತಾಗಿರುವುದರಿಂದ, ಸದರಿ ಧ್ವನಿಯನ್ನು ಮರೆಯುವವರೆಗೆ ಅದನ್ನು ಹೊರ ಜಿಲ್ಲೆಯಲ್ಲಿ ಪ್ರತ್ಯೇಕವಾಗಿ ಇರಿಸತಕ್ಕದ್ದು.’ ಮರೆಯುವವರೆಗೆ! ಇಂಥ ಶಿಕ್ಷೆಯನ್ನು ಕೊಲೆ ಮಾಡಿದವನಿಗಾದರೂ ಯಾರಾದರೂ ವಿಧಿಸಿದ್ದುಂಟೇ? ಮರೆತದ್ದನ್ನು ಪರೀಕ್ಷೆ ಮಾಡುವವರು ಯಾರು? ಭೀತಿಗೊಂಡ ಸಾರ್ವಜನಿಕರು ಯಾರು? ಆ ದಿನ ತಮ್ಮಲ್ಲಿದ್ದ ಸಾರ್ವಜನಿಕರೆಂದರೆ ನಾನೊಬ್ಬಳು. ನನಗೆ ಬಂದದ್ದು ನಗು. ಮುಕುಂದಯ್ಯನವರ ಮುಖವನ್ನು ಕೊನೆಗೆ ತೋರಿಸಲು ಆಗದಿದ್ದ ವ್ಯವಸ್ಥೆಯ ಕೈತಪ್ಪಿ ಈ ಭೂಮಿಯ ಮೇಲೆ ಅವರದೆಂದು ಉಳಿದಿರುವುದು ನಾಲ್ಕು ಕೆಮ್ಮು, ಎರಡು ಮಾತು. ಅದನ್ನೂ ಹುಡುಕಿ ವಿಲೇವಾರಿ ಮಾಡಿಸಿದವಳು ನಾನು. ನಾನು ಕೆಟ್ಟ ಅಕ್ಷರದಲ್ಲಾದರೂ ಬರೆದಿದ್ದರೆ ತಾವು ಓದದೆ ಪಕ್ಕಕ್ಕಿಡುತ್ತಿದ್ದಿರೇನೋ.

ಆದ್ದರಿಂದ ನನ್ನ ಹೇಳಿಕೆಯನ್ನು ತಿದ್ದಿಕೊಳ್ಳುತ್ತಿದ್ದೇನೆ. ಆಗಸ್ಟ್ ಹನ್ನೊಂದರಂದು ಕೆಮ್ಮಿದ್ದು ನಾನು. ಗಡಸು ಧ್ವನಿ ನನ್ನದು. ರುಚಿ, ವಾಸನೆ ಹೋಗಿದ್ದೂ ನಿಜ, ಹೆಸರಿನ ಹುಚ್ಚಿನಲ್ಲಿ ನನಗೆ ಯಾವುದರ ರುಚಿಯೂ ಉಳಿದಿರಲಿಲ್ಲ. ದುಗ್ಗಮ್ಮನ ಹೆಬ್ಬೆಟ್ಟು ನಾನು ತಿಳಿಹೇಳದೆ ಒತ್ತಿಸಿಕೊಂಡದ್ದು. ಇದು ನಾನು ಬರೆದ ಮೊದಲ ಸುಳ್ಳು ಅರ್ಜಿ. ಸುಳ್ಳು ಹೇಳಬಾರದೆಂದು ನಮ್ಮ ಧರ್ಮ ಹೇಳುತ್ತದೆ, ಆದರೆ ಸತ್ಯಕ್ಕೂ ಅಹಿಂಸೆಗೂ ಜಗಳ ಬಂದರೆ ಮೊದಲ ಮಣೆ ಅಹಿಂಸೆಗೆ. ನನ್ನ ಮೇಜಿನ ಮುಂದಿನ ಜನ ಮತ್ತೆ ರಸ್ತೆ ದಾಟಿ ಹೋಗುತ್ತಾರೆಂದು ಗೊತ್ತಿದೆ. ಹೋಗಲಿ.

ನನ್ನ ಬೇಡಿಕೆ ಇಷ್ಟೇ. ಆ ಸೋಮವಾರ ಕಳೆದು ಬರುವ ಶುಕ್ರವಾರ ದುಗ್ಗಮ್ಮ ಎಂದಿನಂತೆ ಹತ್ತು ಗಂಟೆಯ ಬಸ್ಸಿಗೆ ಬರುತ್ತಾರೆ. ಆದೇಶದ ವಿಷಯ ಅವರಿಗೆ ಇನ್ನೂ ತಿಳಿದಿಲ್ಲ. ನೀವೇ ಹೇಳಿ ಅಕ್ಕಾ ಎಂದು ಮಂಜುನಾಥಪ್ಪ ಎರಡು ಸಲ ಫೋನು ಮಾಡಿದರು. ಎಲ್ಲರ ಅಹವಾಲಿಗೂ ಮಾತು ಜೋಡಿಸಿಕೊಟ್ಟವಳಿಗೆ ಇದಕ್ಕೆ ಮಾತು ಸಿಗುತ್ತಿಲ್ಲ. ಅವರು ಬಂದು ಕಟ್ಟೆಯ ಮೇಲೆ ಕೂತಾಗ ಹಕ್ಕಿ ಅಲ್ಲೇ ಇರಬೇಕು.

ಕೆಮ್ಮು ನನ್ನದೇ ಎಂಬುದಕ್ಕೆ ಪುರಾವೆ ಬೇಕಿದ್ದರೆ ಸೋಮವಾರ ಬೆಳಿಗ್ಗೆ ವಾಹನ ಹೊರಡುವ ಮೊದಲೇ ತಮ್ಮ ಮೇಜಿನ ಮುಂದೆ ಹಾಜರಾಗಿ ಕೆಮ್ಮಿ ತೋರಿಸುತ್ತೇನೆ. ವಾರದಿಂದ ಮನೆಯಲ್ಲಿ ಕಲಿಯುತ್ತಿದ್ದೇನೆ. ಮೂರು ಸಣ್ಣದು, ಒಂದು ಉದ್ದದ್ದು. ಕೊನೆಯ ಎರಡು ಮಾತು ಮಾತ್ರ ನನ್ನ ಬಾಯಲ್ಲಿ ಸರಿಯಾಗಿ ಬರುತ್ತಿಲ್ಲ. ಅದಕ್ಕೇ ಹಕ್ಕಿ ಬೇಕು.

ಇಂತಿ,
ಒಂದನೇ ನಂಬರಿನ ಟಿಕೆಟ್ಟಿನವಳು, ತಪ್ಪೊಪ್ಪಿಕೊಂಡ ಕೆಮ್ಮುಗಾರ್ತಿ,
ಪ್ರಭಾವತಿ
ತಾಲೂಕು ಕಚೇರಿ ಎದುರು, ತೀರ್ಥಹಳ್ಳಿ