ನೀರೇಣಿಯ ಸದ್ದು ನಿಲ್ಲಿಸಿದ ದಿನ

ಕೊಪ್ಪಳ, ಮೇಲ್ಗಾಲುವೆ ಓಣಿ
ಹದಿಮೂರನೇ ತಿಂಗಳು, ನಲವತ್ತೊಂದನೇ ತಾರೀಖು

ಶಾಲೆಗೆ ರಜೆ ಬಂತೆಂದರೆ ಎದೆ ಧಸಕ್ಕೆನ್ನುವ ತಾಯಂದಿರಿಗೆ ಗಾಳೆಮ್ಮ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಮುದುಕಿಗೆ ಅರಳುಮರಳು ಎಂದುಕೊಳ್ಳಬೇಡಿ. ನಿಮ್ಮ ಹನ್ನೆರಡು ತಿಂಗಳೊಳಗೆ ನಮ್ಮ ಬೇಸಿಗೆ ಹಿಡಿಸಲಿಲ್ಲ. ಅದಕ್ಕೆ ನಮ್ಮ ಹಿರಿಯರು ಎಲ್ಲ ತಿಂಗಳುಗಳಿಂದ ಒಂದಿಷ್ಟು ದಿನ ಕಿತ್ತು ಉರಿದಿಂಗಳು ಅಂತ ಇನ್ನೊಂದನ್ನು ಕಟ್ಟಿದರು. ಆ ತಿಂಗಳು ಪೂರ್ತಿ ಶಾಲೆ ಬಂದ್. ನನ್ನ ಮಾತು ಅಲ್ಲಲ್ಲಿ ನಿಮಗೆ ವಿಚಿತ್ರ ಅನ್ನಿಸೀತು, ಕ್ಷಮಿಸಿ. ನಿಮ್ಮ ಕನ್ನಡ ನಮ್ಮ ಬಾಯಲ್ಲಿ ಬಹಳ ಸವೆದಿದೆ. ನಿಮ್ಮನ್ನು ಏನಂತ ಕರೆಯಬೇಕೋ ಅದೂ ತಿಳಿಯದು. ವರಸೆಯಲ್ಲಿ ನೀವು ನನ್ನ ಮುತ್ತಜ್ಜಿಗೂ ಮುತ್ತಜ್ಜಿಯರು, ವಯಸ್ಸಿನಲ್ಲಿ ನನ್ನ ಮಗಳ ಓರಗೆಯವರು. ತಂಗೆವ್ವಾ ಅನ್ನುತ್ತೇನೆ, ಸಿಟ್ಟಾಗಬೇಡಿ.

ಈ ಪತ್ರವನ್ನು ಹಿಂದೋಲೆ ಕಚೇರಿಗೆ ಕೊಡುತ್ತಿದ್ದೇನೆ. ಕಳೆದ ಕಾಲಕ್ಕೆ ಪತ್ರ ಕಳಿಸುವ ಕಚೇರಿ ಅದು. ಮುಟ್ಟುತ್ತದೋ ಇಲ್ಲವೋ ಅವರಿಗೂ ಗೊತ್ತಿಲ್ಲ, ಆದರೂ ಗತ್ತಿಗೇನೂ ಕಮ್ಮಿಯಿಲ್ಲ.

ನನ್ನ ಮೊಮ್ಮಗಳ ಹೆಸರು ಹುಲಿಗೆಮ್ಮ, ನಮಗೆ ಹುಲಿಗಿ. ಒಂಬತ್ತು ವರ್ಷ. ಆಟಿಸಂ ಇದೆ. ಎಷ್ಟೋ ಹೆಸರು ಬದಲಾದವು, ಇದೊಂದನ್ನು ನೀವು ಕರೆದಂತೆಯೇ ಕರೆಯುತ್ತೇವೆ. ಹುಲಿಗಿ ಮಾತಿನಲ್ಲಿ ಮಹಾ ಜಿಪುಣಿ. ರೊಟ್ಟಿ, ನೀರು, ಒಲ್ಲೆ, ಇಷ್ಟರಲ್ಲಿ ದಿನ ತೆಗೆಯುತ್ತಾಳೆ. ಶಾಲೆ ಇದ್ದರೆ ಅವಳಿಗೆ ಒಂದು ದಾರಿ ಇರುತ್ತದೆ: ಎದ್ದ ಕೂಡಲೇ ಬಿಸಿ ರೊಟ್ಟಿ, ಆಮೇಲೆ ನೀಲಿ ಅಂಗಿ, ಆಮೇಲೆ ನೆರಳುಬಂಡಿ. ಬಿಸಿಲಿಗೆ ಬೀದಿಯಲ್ಲಿ ನಡೆಯಲಾಗದು ಅಂತ ಊರ ತುಂಬ ಚಪ್ಪರದ ಕೆಳಗೆ ಓಡುವ ಬಂಡಿಗಳಿವೆ, ಅವೇ ನೆರಳುಬಂಡಿ. ರಜೆ ಬಂದ ದಿನ ಆ ದಾರಿ ಕಡಿದುಹೋಗುತ್ತದೆ. ಬಾಗಿಲಲ್ಲಿ ನೀಲಿ ಅಂಗಿ ಹಾಕಿಕೊಂಡು ನಿಲ್ಲುತ್ತಾಳೆ, ಕೂರು ಅಂದರೆ ಕೂರುವುದಿಲ್ಲ. ಅವಳವ್ವ, ನನ್ನ ಮಗಳು ಪಂಪಾವತಿ, ಉರಿದಿಂಗಳು ಹತ್ತಿರ ಬಂದರೆ ಊಟವನ್ನೇ ಅರ್ಧ ಮಾಡುತ್ತಾಳೆ. ಎಲ್ಲಿಗೆ ಕರೆದೊಯ್ಯಲಿ, ಅಲ್ಲಿ ಏನಾದೀತು, ಜನ ಹೇಗೆ ನೋಡ್ಯಾರು. ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ನಮಗೆ ಒಂದು ಅನುಕೂಲ ಇದೆ, ಅದು ನಿಮ್ಮದೇ ಉಪಕಾರ. ನೀವು ಅರ್ಜಿ ಬರೆದು, ಕಚೇರಿ ಕಚೇರಿ ಅಲೆದು, ಇಂಥ ಮಕ್ಕಳು ಬಂದಾಗ ಸದ್ದು ತಗ್ಗಿಸಿ, ದೀಪ ತಗ್ಗಿಸಿ ಅಂತ ಕೇಳಿಕೊಂಡಿರಲ್ಲ, ಅದು ಬೆಳೆದು ನಮ್ಮ ಕಾಲಕ್ಕೆ ಮೆಲುಹೊತ್ತು ಎಂಬ ಕಾಯ್ದೆಯಾಗಿದೆ. ಮೊದಲೇ ತಿಳಿಸಿದರೆ ಸಾಕು, ಮಗು ಕಾಲಿಟ್ಟೊಡನೆ ಆ ಜಾಗ ತಣ್ಣಗಾಗುತ್ತದೆ. ಯಂತ್ರಗಳು ನಿಲ್ಲುತ್ತವೆ, ಕೆಲಸದವರು ಬಟ್ಟೆಯ ಚಪ್ಪಲಿ ಮೆಟ್ಟುತ್ತಾರೆ, ಯಾರೂ ಕೂಗುವಂತಿಲ್ಲ, ಮಗುವನ್ನು ದಿಟ್ಟಿಸುವಂತಿಲ್ಲ. ಹೊತ್ತು ಮುಗಿದ ಮೇಲೆ ಯಂತ್ರಗಳು ತಾವಾಗಿಯೇ ಶುರುವಾಗುತ್ತವೆ. ಇದರ ಜೊತೆಗೆ ಒಣನಡಿಗೆ ಅಂತ ಒಂದು ಪದ್ಧತಿ. ಹೋಗುವ ಮೊದಲು ಮನೆಯವರು ಮಗುವನ್ನು ಬಿಟ್ಟು ಒಮ್ಮೆ ಹೋಗಿಬಂದು, ಅಲ್ಲಿ ಮಗುವನ್ನು ಏನೇನು ನೋಯಿಸಬಹುದು ಅಂತ ನೋಡಿ ಹೇಳಬೇಕು. ಆ ಜಾಗದವರು ಅದನ್ನೆಲ್ಲ ತೆಗೆದಿಡುತ್ತಾರೆ. ಕೇಳಲು ಚೆಂದ ಇದೆಯಲ್ಲವೇ? ನನಗೂ ಹಾಗೆಯೇ ಅನ್ನಿಸುತ್ತಿತ್ತು.

ಊರ ಹೊರಗೆ ನೀರೇಣಿ ಇದೆ. ಕೆಳಗಿನ ಕಾಲುವೆಯ ದೋಣಿಗಳನ್ನು ಮೇಲಿನ ಕಾಲುವೆಗೆ ಎತ್ತುವ ಕಟ್ಟೆ. ಕಬ್ಬಿಣದ ಸರಪಳಿ, ಮನೆಯಷ್ಟು ದಪ್ಪ ಮೋಟಾರು. ಅದು ಎದ್ದಿತೆಂದರೆ ನೆಲದೊಳಗಿಂದ ಘುಂ ಅಂತ ಸದ್ದು ಬಂದು ಹಲ್ಲು ಕುಟುಕುಟು ಅನ್ನುತ್ತದೆ. ಹಿಂದೊಮ್ಮೆ ನೆರಳುಬಂಡಿಯಲ್ಲಿ ಅದರ ಹತ್ತಿರ ಹಾದುಹೋದೆವು. ಅಂದಿನಿಂದ ಹುಲಿಗಿ ಗೋಡೆಗೆ ಕೆನ್ನೆ ಒತ್ತಿ ಘುಂ, ಘುಂ ಅನ್ನಲು ಹಿಡಿದಳು. ನೀರೇಣಿ ನೋಡಬೇಕಂತೆ ಮಗು, ದೋಣಿ ಮೇಲೇರುವುದನ್ನು ನೋಡಬೇಕಂತೆ ಅಂತ ಮನೆಯಲ್ಲಿ ಸಂಭ್ರಮವೋ ಸಂಭ್ರಮ. ಈ ರಜೆಗೆ ಅದೇ ಅಂತ ಗಟ್ಟಿಯಾಯಿತು. ಪಂಪಾವತಿ ಒಣನಡಿಗೆಗೆ ಹೋಗಿಬಂದವಳು ಬೆವರುತ್ತಿದ್ದಳು. ಯವ್ವಾ, ಆ ಸದ್ದು ಕೇಳಿದರೆ ಕೂಸು ಸತ್ತೇಹೋಗುತ್ತದೆ, ನನಗೇ ತಡೆಯಲಿಲ್ಲ ಅಂದಳು. ಮೆಲುಹೊತ್ತು ಬರೆಸಿದಳು. ಸದ್ದಿಲ್ಲದೆ, ಬರೀ ನೀರು ತುಂಬಿಸಿ, ದೋಣಿಯನ್ನು ಮೆಲ್ಲಗೆ ಎತ್ತಿ ತೋರಿಸುತ್ತೇವೆ ಅಂತ ಅಲ್ಲಿಯ ಮೇಲ್ವಿಚಾರಕ ಮರಿಸ್ವಾಮಿ ಒಪ್ಪಿದ. ನಾನೂ ಭಲೇ ಅಂದೆ.

ಆ ಬೆಳಗ್ಗೆ ಹುಲಿಗಿ ನೆರಳುಬಂಡಿಯಲ್ಲಿ ಸೀಟಿನ ಅಂಚಿಗೆ ಕೂತಿದ್ದಳು. ಹಾದಿಯುದ್ದಕ್ಕೂ ಘುಂ ಅನ್ನುತ್ತಿದ್ದಳು. ನೀರೇಣಿಯ ಬಾಗಿಲು ದಾಟುತ್ತಲೇ ಎಲ್ಲ ನಿಂತಿತು. ತಂಗೆವ್ವಾ, ಅಂಥ ಮೌನ ನಾನು ಸಾವಿನ ಮನೆಯಲ್ಲೂ ಕಂಡಿಲ್ಲ. ನೋಡಲು ಬಂದಿದ್ದ ಜನರೆಲ್ಲ ಕಾಯ್ದೆಯಂತೆ ಮುಖ ತಿರುಗಿಸಿದರು, ಒಬ್ಬರೂ ಕೆಮ್ಮಲಿಲ್ಲ. ಹುಲಿಗಿ ಕಟಕಟೆಗೆ ಅಂಗೈ ಒತ್ತಿದಳು. ದೋಣಿ ಏರುತ್ತಿತ್ತು, ಅವಳು ಅತ್ತ ತಿರುಗಿಯೂ ನೋಡಲಿಲ್ಲ. ಘುಂ ಅಂದಳು. ಕಾದಳು. ಇನ್ನೊಮ್ಮೆ ಅಂದಳು. ನೆಲಕ್ಕೆ ಕೆನ್ನೆ ಇಟ್ಟಳು. ಆಮೇಲೆ ಎರಡೂ ಕೈಯಲ್ಲಿ ಕಿವಿಗೆ ಬಡಿದುಕೊಂಡು ಚೀರಿದಳು. ಪಂಪಾವತಿ ಬ್ಯಾಗಿನಿಂದ ಅವಳ ಮೆತ್ತನೆಯ ಶಾಲು ತೆಗೆಯಲು ಬಗ್ಗಿದಳು, ಅಷ್ಟೇ. ಎದ್ದು ನೋಡಿದರೆ ಮಗು ಇಲ್ಲ.

ಒಂದು ಕಡೆ ಸರಪಳಿಯ ಗುಂಡಿ, ಒಂದು ಕಡೆ ತುಂಬುತ್ತಿರುವ ನೀರು, ಆಚೆ ಕಾಲುವೆ. ಹುಡುಕುವವರೆಲ್ಲ ಬಟ್ಟೆಯ ಚಪ್ಪಲಿಯಲ್ಲಿ ಸದ್ದಿಲ್ಲದೆ ಓಡುತ್ತಿದ್ದರು, ಪಿಸುಪಿಸು ಅನ್ನುತ್ತಿದ್ದರು, ಕಳ್ಳರ ಹಾಗೆ. ಹೆಸರು ಹಿಡಿದು ಕೂಗುವಂತಿಲ್ಲ, ಕೂಗಿದರೂ ಹುಲಿಗಿ ಬರುವವಳಲ್ಲ. ಹೊತ್ತು ಮುಗಿದು ಯಂತ್ರ ತಾನಾಗಿ ತಿರುಗಿದಾಗ ಮಗು ಸರಪಳಿಯೊಳಗೆ ಇದ್ದರೆ? ಮರಿಸ್ವಾಮಿಗೂ ಅದೇ ಹೊಳೆದಿರಬೇಕು, ಓಡಿಹೋಗಿ ಕೈಯಾರೆ ಸ್ವಿಚ್ಚು ತೆಗೆದ, ನೀರೂ ನಿಲ್ಲಿಸಿದ. ಗುಂಡಿ ನೋಡಿದರು, ಮೋಟಾರು ಕೋಣೆ ನೋಡಿದರು. ಎಲ್ಲೂ ಇಲ್ಲ.

ಆಗ ನನಗೆ ಹೊಳೆಯಿತು. ಅವಳು ತಪ್ಪಿಸಿಕೊಂಡು ಓಡಿಲ್ಲ, ಸದ್ದನ್ನು ಹುಡುಕಿಕೊಂಡು ಹೋಗಿದ್ದಾಳೆ. ಅವಳು ಬಂದದ್ದೇ ಅದಕ್ಕೆ. ಸರಪಳಿ ಬಿಡಿಸಿ ಮೋಟಾರನ್ನು ಖಾಲಿ ಓಡಿಸಿ ಅಂತ ಮರಿಸ್ವಾಮಿಯ ತೋಳು ಹಿಡಿದೆ. ಪಂಪಾವತಿ ನನ್ನ ಮೇಲೆ ಹರಿಹಾಯ್ದಳು. ಯವ್ವಾ ನಿನಗೇನು ತಲೆ ಕೆಟ್ಟಿದೆಯಾ, ಅವಳು ಕಾಲುವೆ ದಂಡೆಯಲ್ಲಿದ್ದರೆ ಆ ಸದ್ದಿಗೆ ಬೆಚ್ಚಿ ನೀರಿಗೇ ಬೀಳುತ್ತಾಳೆ ಅಂದಳು. ಅವಳ ಮಾತು ಸುಳ್ಳು ಅನ್ನಲು ನನ್ನ ಹತ್ತಿರ ಏನಿತ್ತು? ಮೆಲುಹೊತ್ತಿನಲ್ಲಿ ಯಂತ್ರ ಓಡಿಸಿದರೆ ನನ್ನ ಕೆಲಸ ಹೋಗುತ್ತದೆ ಅಮ್ಮಾ, ಹೋದರೆ ಹೋಗಲಿ, ಆದರೆ ತಾಯಿ ಹೇಳಬೇಕು ಅಂದ ಮರಿಸ್ವಾಮಿ. ನಾವಿಬ್ಬರೂ ಅವಳ ಮುಖ ನೋಡುತ್ತ ನಿಂತೆವು. ಅವಳು ಕಣ್ಣು ಮುಚ್ಚಿದಳು. ಗೋಡೆಗೆ ಕೆನ್ನೆ ಒತ್ತಿ ನಗುವ ಮಗಳು ನೆನಪಾದಳಂತೆ, ಇದನ್ನು ಮನೆಗೆ ಬಂದ ಮೇಲೆ ನನಗೆ ಹೇಳಿದಳು. ಓಡಿಸಿರಿ ಅಂದಳು.

ಘುಂ ಅಂತ ನೆಲ ಎದ್ದಿತು. ಜನ ಬೆಚ್ಚಿದರು, ಕಾಯ್ದೆ ಕಾಯ್ದೆ ಅಂತ ಯಾರೋ ಅರಚಿದರು. ನಾವು ಕಾಲುವೆಯ ಕಡೆಗೇ ಕಣ್ಣು ನೆಟ್ಟಿದ್ದೆವು. ಯಾರೂ ಬರಲಿಲ್ಲ. ಪಂಪಾವತಿಯ ಉಗುರು ನನ್ನ ಕೈಗೆ ಇಳಿದಿತ್ತು. ನಿಲ್ಲಿಸಿ ಅಂತ ಅವಳು ಬಾಯಿ ತೆರೆದಳು. ಅಷ್ಟರಲ್ಲಿ ದಂಡೆಯ ಮೆಟ್ಟಿಲಿನಿಂದ ಮೊದಲು ತಲೆ, ಆಮೇಲೆ ನೀಲಿ ಅಂಗಿ ಕಂಡಿತು. ಮೊಣಕಾಲಿನವರೆಗೆ ತೊಯ್ದಿದ್ದಳು. ನೀರಿಗೆ ಇಳಿದು ನಿಂತಿದ್ದಳು ನನ್ನ ಕೂಸು, ಕೆಳಗಿನ ಮೆಟ್ಟಿಲಿನಲ್ಲಿ, ಸದ್ದು ನೀರಿನೊಳಗಾದರೂ ಇದೆಯೇನೋ ಅಂತ. ಓಡಿಬಂದು ನಮ್ಮನ್ನು ದಾಟಿ ಹೋಗಿ ಮೋಟಾರು ಕೋಣೆಯ ಗೋಡೆಗೆ ಕೆನ್ನೆ, ಎದೆ, ಎರಡೂ ಅಂಗೈ ಒತ್ತಿ ನಿಂತಳು. ನಕ್ಕಳು. ಪಂಪಾವತಿ ಅಲ್ಲೇ ಕುಸಿದು ಕೂತು ಹೋ ಅಂತ ಅತ್ತಳು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಇಷ್ಟು ಮಂದಿ, ಇಷ್ಟು ಪ್ರೀತಿ, ಇಷ್ಟು ಏರ್ಪಾಡು, ಮಗುವನ್ನು ಒಂದು ಮಾತು ಕೇಳಿದವರಿಲ್ಲ!

ಕಾಯ್ದೆಯೇ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ, ತಪ್ಪು ತಿಳಿಯಬೇಡಿ. ಅದೇ ದಿನ ವಾಪಸು ಬರುವಾಗ ನೆರಳುಬಂಡಿಯ ಸಣ್ಣ ಗಂಟೆ ಕಿಣಿ ಅಂದಿದ್ದಕ್ಕೆ ಹುಲಿಗಿ ಸೀಟಿನ ಕೆಳಗೆ ಸೇರಿಕೊಂಡಳು, ಊರು ಬಂದರೂ ಹೊರಗೆ ಬರಲಿಲ್ಲ. ಮನೆಯಷ್ಟು ಮೋಟಾರು ಅವಳಿಗೆ ಸಕ್ಕರೆ, ಬೆರಳಷ್ಟು ಗಂಟೆ ಸೂಜಿ. ಯಾವುದು ಯಾವುದು ಅಂತ ಅವಳ ಹೊರತು ಯಾರು ಬಲ್ಲರು? ಈಗ ಊರ ಸಭೆಯವರು ಮರಿಸ್ವಾಮಿಯನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸಿದ್ದಾರೆ, ಪಂಪಾವತಿಗೆ ಬಂದು ಉತ್ತರ ಕೊಡು ಅಂದಿದ್ದಾರೆ. ಕಾಯ್ದೆ ತಿದ್ದಿ ಅಂತ ಕೇಳಿದರೆ, ಆ ಕಾಲದ ತಾಯಂದಿರು ಕಣ್ಣೀರಿನಲ್ಲಿ ಬರೆಸಿದ್ದು, ಅದರ ಒಂದಕ್ಷರ ಮುಟ್ಟುವುದಿಲ್ಲ ಅನ್ನುತ್ತಾರೆ. ನಿಮ್ಮ ಮೇಲೆ ಅಷ್ಟು ಗೌರವ ಅವರಿಗೆ. ಅದಕ್ಕೇ ನೇರ ನಿಮಗೇ ಬರೆಯುತ್ತಿದ್ದೇನೆ.

ನಿಮ್ಮ ಕಾಲದಲ್ಲಿ ಆ ಅರ್ಜಿ ಇನ್ನೂ ನಿಮ್ಮ ಕೈಯಲ್ಲಿದೆ. ಸದ್ದು ತಗ್ಗಿಸಿ ಅಂತ ಬರೆಯಿರಿ, ಧಾರಾಳವಾಗಿ ಬರೆಯಿರಿ. ಅದಕ್ಕೂ ಮೊದಲು ಇನ್ನೊಂದು ಮಾತು ಸೇರಿಸಿ: ಮೊದಲು ಮಗುವನ್ನು ಕೇಳತಕ್ಕದ್ದು. ಮಾತು ಬಾರದಿದ್ದರೆ ಅದು ಎಲ್ಲಿ ಕೆನ್ನೆ ಒತ್ತುತ್ತದೆ ಅಂತ ನೋಡತಕ್ಕದ್ದು. ಉತ್ತರ ತಡವಾದರೆ ಕಾಯತಕ್ಕದ್ದು. ಈ ರಜೆಗೆ ಎಲ್ಲಿಗೆ ಅಂತ ನೀವು ಯೋಚಿಸುತ್ತಿದ್ದರೆ, ಅದನ್ನೂ ಮಗುವಿನ ಪಕ್ಕ ಕೂತು ಯೋಚಿಸಿ. ಹೋಗಿ ಬರುತ್ತೇನೆ ಅನ್ನಲು ನಿಮ್ಮ ಕಾಲಕ್ಕೆ ನನಗೆ ದಾರಿಯಿಲ್ಲ, ಇಲ್ಲಿಂದಲೇ ಕೈಮುಗಿಯುತ್ತೇನೆ.

ಅವಳು ನಿಂತಿದ್ದ ಮೆಟ್ಟಿಲನ್ನು ಆಮೇಲೆ ನಾನು ಹೋಗಿ ನೋಡಿದೆ, ತಂಗೆವ್ವಾ. ಅದರ ಕೆಳಗೆ ಇನ್ನೊಂದು ಮೆಟ್ಟಿಲಿಲ್ಲ.

ನಿಮ್ಮ
ಗಾಳೆಮ್ಮ, ಹುಲಿಗಿಯ ಅಜ್ಜಿ