ಭಾನುವಾರದವರೆಗಿನ ಉಸಿರು

ಅಪ್ಪಾ,

ನಿನ್ನ ದಮ್ಮಿಗೆ ಅಂತ ಡಾಕ್ಟರು ಕೊಟ್ಟ ಊದುವ ಮೀಟರಿನ ಚಾರ್ಟ್ ನೋಡಿದೆ. ಬೆಳಿಗ್ಗೆ ನಾನೂರ ಇಪ್ಪತ್ತು, ಸಂಜೆ ನಾನೂರ ಇಪ್ಪತ್ತು, ತಿಂಗಳಿಡೀ ಅದೇ ಅಂಕಿ. ಇವತ್ತಿನ್ನೂ ಗುರುವಾರ, ನೀನಾಗಲೇ ಭಾನುವಾರದವರೆಗೂ ಊದಿ ಮುಗಿಸಿದ್ದೀಯ. ಅಬ್ಬಬ್ಬಾ, ಎಂಥ ಶ್ವಾಸಕೋಶ!

ಮೊನ್ನೆ ಮೆಟ್ಟಿಲ ಅರ್ಧದಲ್ಲಿ ಏದುಸಿರು ಬಿಡುತ್ತಾ ನಿಂತವನು ನೀನು, "ಈ ರೇಲಿಂಗ್ ಯಾವ ಮರದ್ದು ಅಂತ ನೋಡ್ತಿದ್ದೆ" ಅಂದೆ. ಮೂವತ್ತು ವರ್ಷ ಬಡಗಿ ಕೆಲಸ ಮಾಡಿದವನಿಗೆ ಅದು ಕಬ್ಬಿಣ ಅಂತ ಗೊತ್ತಾಗಲಿಲ್ಲ, ಪಾಪ.

ಇವತ್ತು ನನ್ನೆದುರು ಮೂರು ಸಲ ಊದಿಸಿದಾಗ ಇನ್ನೂರ ನಲವತ್ತು ದಾಟಲಿಲ್ಲ. "ಮೀಟರ್ ಕೆಟ್ಟಿದೆ ಕಣೇ" ಅಂತ ನಿನ್ನ ತೀರ್ಪು. ನಾನು ಊದಿದರೆ ನಾನೂರು ಬಂತು. ನಿನ್ನನ್ನು ಕಂಡರೆ ಮಾತ್ರ ಅದಕ್ಕೆ ಆಗುವುದಿಲ್ಲವೇನೋ.

ನಿಜ ಬರೆದರೆ ಡಾಕ್ಟರು ಕೆಲಸ ಬಿಡಿಸುತ್ತಾರೆ ಅಂತ ತಾನೇ ಹೆದರಿಕೆ? ಬಾಯಿಬಿಟ್ಟು ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ಮೇಸ್ತ್ರಿಗೆ ನಾನೇ ಫೋನ್ ಮಾಡಿದೆ. "ಗರಗಸದ ಧೂಳಿಗೆ ಬರೋದು ಬೇಡಮ್ಮ. ಬಾಗಿಲು ಕೂರಿಸೋಕೆ ಮಾತ್ರ ಅವರೇ ಬೇಕು" ಅಂದರು.

ಹನ್ನೊಂದಕ್ಕೆ ಡಾಕ್ಟರ ಹತ್ತಿರ ಹೋಗು. ಚಾರ್ಟಿನ ಸುಳ್ಳನ್ನೆಲ್ಲ ಕೆಂಪು ಪೆನ್ನಿನಲ್ಲಿ ಹೊಡೆದು, ಇವತ್ತಿನದನ್ನು ಬರೆದಿದ್ದೇನೆ. ಇನ್‌ಹೇಲರ್ ಅಂಗಿ ಜೇಬಿನಲ್ಲಿದೆ. ಅದನ್ನು ಎಳೆದುಕೊಂಡ ಮೇಲೂ ಮಾತಾಡಲು ಕಷ್ಟವಾದರೆ ಹನ್ನೊಂದರವರೆಗೆ ಕಾಯಬೇಡ, ಪಕ್ಕದ ಮನೆಯ ಬಾಗಿಲು ಬಡಿ. ಅವರಿಗೆ ಹೇಳಿಟ್ಟಿದ್ದೇನೆ.

ಉಳಿದ ಬೈಗುಳ ಸಂಜೆಗೆ. ಬೈಸಿಕೊಳ್ಳೋಕೆ ನೀನು ಇರಬೇಕಪ್ಪಾ.

– ನಿನ್ನ ಬಜಾರಿ