ಉಡಿಯೊಡ್ಡಿ ಒಯ್ದ ನೆತ್ತರು

ಈ ಪತ್ರ ಒಡೆದು ಓದುತ್ತಿರುವವರು ಯಾರೇ ಇರಲಿ, ಮೊದಲು ಆ ಚಹಾದ ಕಪ್ಪು ಕೆಳಗಿಡಿರಿ. ಲಕೋಟೆಯ ಮೇಲೆ ಕುರುಡನಿಗೂ ಕಾಣುವಷ್ಟು ದಪ್ಪಗೆ ಭಾಗ್ಯಾ ಎಂದು ಬರೆದಿದ್ದೇನೆ. ನಿಮ್ಮ ಹೆಸರು ಅದಲ್ಲದಿದ್ದರೆ ಕಂಡವರ ಕಾಗದಕ್ಕೆ ಕೈ ಹಾಕಲು ನಾಚಿಕೆಯಾಗಬೇಕಿತ್ತು. ಆಗಲಿಲ್ಲವಲ್ಲ, ಹಾಗಾದರೆ ಪೂರ್ತಿ ಓದಿರಿ. ಅರ್ಧ ಕೇಳಿ ಎದ್ದುಹೋಗುವ ಚಟ ನಿಮ್ಮ ಸಂಸ್ಥೆಯವರಿಗೆ ಇದೆ ಎಂದು ನನಗೆ ಗೊತ್ತಾಗಿದೆ. ಓದಿ, ಮಡಚಿ, ನನ್ನ ಮೊಮ್ಮಗಳ ಮೇಜಿನ ಮೇಲೆ ಇಡಿರಿ. ಕಳೆದುಹೋಯಿತು ಎಂದರೆ ನಾನೇ ಬರುತ್ತೇನೆ. ನಾನು ಬಂದರೆ ಏನಾಗುತ್ತದೆ ಎಂದು ಬಾಗೇವಾಡಿಯ ಸಭೆಯಲ್ಲಿದ್ದವರನ್ನು ಕೇಳಿ ತಿಳಿದುಕೊಳ್ಳಿರಿ.

ನನ್ನ ಮಗನ ಮಗಳು ಭಾಗ್ಯಾಳಿಗೆ, ನಿನ್ನ ಆಯಿ ರೇವವ್ವ ಬರೆಯುವುದು.

ಫೋನು ಮಾಡಿದರೆ ನೀನು "ಆಯಿ, ಮೀಟಿಂಗನ್ಯಾಗ ಅದೇನಿ" ಎಂದು ಕಟ್ ಮಾಡುತ್ತೀ. ಕಾಗದವನ್ನು ಕಟ್ ಮಾಡಲು ಬರುವುದಿಲ್ಲ, ಹರಿಯಬಹುದು ಅಷ್ಟೇ. ಹರಿದರೆ ಇನ್ನೊಂದು ಬರೆಯುತ್ತೇನೆ. ನಾಲ್ಕನೇ ಇಯತ್ತೆಗೆ ನನ್ನ ಸಾಲಿ ಬಿಡಿಸಿ ಕುರಿಯ ಹಿಂದೆ ಅಟ್ಟಿದರು. ಒತ್ತಕ್ಷರ ಎಲ್ಲಾದರೂ ತಪ್ಪಿದ್ದರೆ ತಿದ್ದಿಕೋ, ಮಾತನ್ನು ತಿದ್ದಬೇಡ.

ಬಾಗೇವಾಡಿಯಲ್ಲಿ ನಿಮ್ಮ ಸಂಸ್ಥೆಯವರು ಆರೋಗ್ಯದ ವಿಚಾರ ಸಂಕಿರಣ ಇಟ್ಟಿದ್ದಾರೆ, ನಮ್ಮೂರ ಹೆಂಗಸರ ರಕ್ತದ ಮೇಲೆ ನೀನು ಮಾತಾಡುತ್ತೀ ಎಂದು ನಿನ್ನ ಅಪ್ಪ ಹೇಳಿದ. ಕರೆಯದಿದ್ದರೂ ಹೊರಟೆ. ಮೊಮ್ಮಗಳ ಭಾಷಣಕ್ಕೆ ಯಾರ ಕರೆ ಬೇಕು? ನನ್ನ ಜೊತೆಗಾತಿ ಬಾನುಬಿ ಬಂದಳು. ಪಕ್ಕದ ಮನೆಯ ದುಂಡೇಶನ ಹೆಂಡತಿ ರೇಣುಕಾಳೂ ಬಂದಳು. ಆರು ತಿಂಗಳ ಬಸುರಿ, ಬಸ್ಸಿನ ಕುಲುಕಾಟ ಬೇಡ ಎಂದರೆ ಕೇಳಲಿಲ್ಲ. "ನಮ್ಮ ರಗತದ ಮಾತು ನಾವ ಕೇಳದಿದ್ರ ಮತ್ಯಾರ ಕೇಳ್ಬೇಕ್ರಿ, ಆಯಿ?" ಎಂದಳು. ದೇವರ ಹಿಪ್ಪರಗಿಯಲ್ಲಿ ಬಸ್ಸಿನ ಮೆಟ್ಟಿಲು ಹತ್ತುವುದರೊಳಗೇ ಅವಳಿಗೆ ಏದುಸಿರು. ಬಸುರಿಗೆ ಸುಸ್ತು ಇರುವುದೇ ಎಂದು ನಾನೇ ಅಂದೆ. ನನಗೆ ತಿಳಿದದ್ದು ಅಷ್ಟೇ.

ಸಭೆಯಲ್ಲಿ ಮೊದಲು ಒಬ್ಬ ಮನುಷ್ಯ ಎದ್ದು ನಿಂತು, ಎಲ್ಲರೂ ಕೈ ಮೇಲೆತ್ತಿ ಹೊಟ್ಟೆಯಿಂದ ನಗಿರಿ, ನಕ್ಕರೆ ರೋಗ ಓಡುತ್ತದೆ ಎಂದ. ಅಷ್ಟೂ ಡಾಕ್ಟರರು ಕೈ ಎತ್ತಿ ಹೋ ಹೋ, ಹಾ ಹಾ ಎಂದರು. ಅವರನ್ನು ನೋಡಿ ಬಾನುಬಿಗೆ ನಿಜವಾದ ನಗು ಬಂತು. ಸೆರಗು ಬಾಯಿಗೆ ತುರುಕಿಕೊಂಡರೂ ನಿಲ್ಲಲೊಲ್ಲದು. "ಯವ್ವಾ ರೇವವ್ವ, ನಗಾಕೂ ಮಾಸ್ತರ್ನ ಇಟ್ಟಾರಲ್ಲ ಇವರು!" ಎಂದಳು. ಆಮೇಲೆ ಒಬ್ಬ ಮೇಡಮ್ಮು, ಪ್ರತಿ ತುತ್ತನ್ನೂ ನಿಧಾನವಾಗಿ ಅಗಿದು, ಊಟದ ಮೇಲೇ ಮನಸ್ಸಿಟ್ಟು ಉಣ್ಣಬೇಕು ಎಂದು ಹೇಳಿದರು. ಕುರಿಯ ಹಿಂದೆ ನಡೆಯುತ್ತಲೇ ರೊಟ್ಟಿ ಮುರಿದು ತಿಂದ ನನಗೆ ಆ ಮಾತು ಚೆಂದ ಕೇಳಿಸಿತು. ಕೂತು ಉಣ್ಣುವಷ್ಟು ಹೊತ್ತನ್ನು ನಮಗೆ ಯಾರು ಕೊಡುತ್ತಾರೆ ಎಂಬುದನ್ನು ಮಾತ್ರ ಅವರು ಹೇಳಲಿಲ್ಲ.

ಆಮೇಲೆ ನೀನು ಬಂದೆ. ಬಿಳಿ ಕೋಟು, ಕೊರಳಲ್ಲಿ ಪಟ್ಟಿ, ಕೈಯಲ್ಲಿ ಮೈಕು. ಇಂಗ್ಲೀಷು ನಿನ್ನ ಬಾಯಿಂದ ಹುರಿದ ಜೋಳದಂತೆ ಸಿಡಿಯುತ್ತಿತ್ತು. ಒಂದಕ್ಷರ ತಿಳಿಯದಿದ್ದರೂ ನನ್ನ ಎದೆ ಉಬ್ಬಿತು, ಸುಳ್ಳು ಯಾಕೆ ಹೇಳಲಿ. ನಿನ್ನ ಹಿಂದೆ ಪರದೆಯ ಮೇಲೆ ಕರಿ ಚುಕ್ಕಿ, ಹಳದಿ ಚುಕ್ಕಿ, ಕೆಳಗಡೆ ಒಂದಿಷ್ಟು ಕೆಂಪು ಚುಕ್ಕಿ. ಕಡೆಗೆ ನಮ್ಮಂಥವರ ಮೇಲೆ ಕರುಣೆ ಬಂದು ಕನ್ನಡದಲ್ಲಿ ಹೇಳಿದೆ. ಒಂದೊಂದು ಚುಕ್ಕಿಯೂ ಒಬ್ಬೊಬ್ಬ ಹೆಂಗಸು. ಕೆಂಪು ಚುಕ್ಕಿ ಎಂದರೆ ರಕ್ತ ಅಪಾಯದ ಗೆರೆಗಿಂತ ಕೆಳಗೆ ಇಳಿದವರು, ಬಸುರಿಯಾಗಿದ್ದರೆ ತಾಯಿ ಮಗು ಇಬ್ಬರಿಗೂ ಕುತ್ತು. ಇದಕ್ಕೆಲ್ಲ ಕಾರಣ ಗ್ರಾಮೀಣ ಮಹಿಳೆಯರಲ್ಲಿ ಆರೋಗ್ಯದ ಅರಿವಿಲ್ಲದಿರುವುದು ಎಂದೆ. ಚಪ್ಪಾಳೆ ಬಿತ್ತು. ರೇಣುಕಾ ನನ್ನ ತೋಳು ಹಿಡಿದಳು. ಅವಳ ಕೈ ತಣ್ಣಗಿತ್ತು. "ಆಯಿ, ಅದರಾಗ ನಾ ಯಾವ ಚುಕ್ಕಿ ಕೇಳ್ರಲ್ಲ."

ಕೇಳಿದೆ. ಎದ್ದು ನಿಂತೇ ಕೇಳಿದೆ. "ಯವ್ವಾ ಭಾಗ್ಯಾ, ಆ ಕೆಂಪು ಚುಕ್ಕಿ ಯಾರ್ಯಾರು ಹೇಳು. ನಾವ ಬಂದೇವಿ, ಇಲ್ಲೇ ಕುಂತೇವಿ."

ನಿಮ್ಮ ದೊಡ್ಡ ಸಾಹೇಬರು ಕೂಸನ್ನು ರಮಿಸುವ ಹಾಗೆ ನಕ್ಕು, "ಅಜ್ಜಿ, ಪ್ರಶ್ನೋತ್ತರ ಊಟ ಆದಮೇಲೆ ಇದೆ, ಕೂತ್ಕೊಳ್ಳಿ" ಎಂದರು. ಯಾರು ಇವರು ಎಂದು ನಿನ್ನನ್ನು ಕೇಳಿದರು. ನೀನು ನನ್ನ ಕಡೆ ನೋಡದೆ, ಮೈಕು ಕೈಯಲ್ಲಿ ಇರುವುದನ್ನೂ ಮರೆತು, "ಸ್ಟಡಿ ವಿಲೇಜ್‌ನವರು, ಸರ್" ಎಂದೆ. ಆ ಮಾತು ಇಡೀ ಸಭಾಂಗಣಕ್ಕೆ ಕೇಳಿಸಿತು. ಊಟ ಆಯಿತು. ನಾವು ತಿರುಗಿ ಒಳಗೆ ಬರುವುದರೊಳಗೆ ಪರದೆ ಸುತ್ತಿಟ್ಟಿದ್ದರು, ನಿಮ್ಮ ಕಾರು ಹೋಗಿತ್ತು.

ಆಯಿ ಅನ್ನಲಿಲ್ಲ ಎಂದು ಅಳುವ ಪೈಕಿ ಅಲ್ಲ ನಾನು. ನನ್ನನ್ನು ಏನಾದರೂ ಅನ್ನು, ಸಹಿಸುತ್ತೇನೆ. ರೇಣುಕಾಳಿಗೆ ಉತ್ತರ ಕೊಡದೆ ಹೋದೆಯಲ್ಲ, ಅದನ್ನು ಸಹಿಸುವುದಿಲ್ಲ.

ರಕ್ತ ಹೇಗೆ ಒಯ್ದೆ ಎಂದು ನೆನಪು ಮಾಡಿಕೋ. ಯುಗಾದಿ ಮುಗಿದ ಮೇಲೆ ಜೀಪಿನಲ್ಲಿ ಬಂದು ಅಮೋಘಸಿದ್ಧನ ಗುಡಿಯ ಕಟ್ಟೆಯ ಮೇಲೆ ಸೂಜಿ, ಬಾಟಲಿ ಹರವಿ ಕೂತೆ. ಒಬ್ಬಳೂ ತೋಳು ಮುಂದೆ ಮಾಡಲಿಲ್ಲ. "ನಾಳೆ ಕೂಲಿಗೆ ಹೋಗಾಕ ಕಸುವ ಬೇಕಲ್ಲವ್ವ" ಎಂದು ಬಾನುಬಿ ಸೆರಗು ಹೊದ್ದುಕೊಂಡಳು. ನೀನು ಒಂದು ಒಪ್ಪಿಗೆಯ ಕಾಗದ ಓದಿದೆ. ಅದು ಅರ್ಚಕರ ಮಂತ್ರದ ಹಾಗೆ ಕಿವಿಯ ಮೇಲಿಂದ ಹೋಯಿತು. ಆಗ ನೀನು ಏನು ಮಾಡಿದೆ? ಎದ್ದು ನಿಂತು ಓಢಣಿಯ ಎರಡೂ ತುದಿ ಹಿಡಿದು ಒಡ್ಡಿದೆ. "ಊರ ಮಗಳು ಉಡಿ ಒಡ್ಡೇನಿ. ಇಲ್ಲ ಅನಬ್ಯಾಡ್ರಿ" ಎಂದೆ. ಮುಗಿಯಿತು. ಊರ ಮಗಳು ಉಡಿ ಒಡ್ಡಿದರೆ ನಮ್ಮಲ್ಲಿ ಇಲ್ಲ ಎನ್ನುವ ಪದ್ಧತಿಯೇ ಇಲ್ಲ. ಒಬ್ಬೊಬ್ಬರೇ ತೋಳು ಚಾಚಿದರು. ಹಿಂದೆ ಉಳಿದವರ ಮನೆಗೆ ನಾನೇ ಹೋಗಿ, "ನಮ್ಮ ಕೂಸು, ನಾ ಅದೇನಿ ಬರ್ರಿ" ಎಂದು ಕರೆತಂದೆ. ಅವರು ಹೆಬ್ಬೆಟ್ಟು ಒತ್ತಿದ್ದು ನಿನ್ನ ಕಾಗದಕ್ಕೆ ಎಂದು ತಿಳಿದಿದ್ದೀಯಾ? ನಿನ್ನ ಉಡಿಗೆ ಒತ್ತಿದರು.

ಈಗ ಆ ಪದ್ಧತಿಯ ಉಳಿದರ್ಧ ಹೇಳುತ್ತೇನೆ, ನಿನಗೆ ಗೊತ್ತಿಲ್ಲವೆಂದು ಅಲ್ಲ. ನೀನು ಚಿಕ್ಕವಳಿದ್ದಾಗ ನಿನ್ನ ಸೋದರತ್ತೆಯ ಉಡಿ ತುಂಬಿ ಗಂಡನ ಮನೆಗೆ ಕಳಿಸುತ್ತಿದ್ದೆವು. ಅವಳು ಉಡಿಯಿಂದ ಒಂದು ಹಿಡಿ ತೆಗೆದು ನಮ್ಮ ಜೋಳದ ಗಡಿಗೆಗೆ ತಿರುಗಿ ಹಾಕಿದಳು. ಯಾಕೆ ಎಂದು ನೀನು ಕೇಳಿದೆ. ನಾನು, "ಎಲ್ಲಾ ಬಳಕೊಂಡ ಹೋದ್ರ ತವರು ಬರಿದಾಗತೈತಿ, ತಂಗಿ" ಎಂದೆ. ಅವತ್ತಿನಿಂದ ಒಂದು ವಾರ ನೀನು ಫ್ರಾಕು ಒಡ್ಡಿಕೊಂಡು ಮನೆಮನೆ ತಿರುಗಿ ಕಾಳು ಬೇಡಿದೆ, ಪ್ರತಿಯೊಂದು ಮನೆಯ ಹೊಸ್ತಿಲ ಮೇಲೂ ನಾಲ್ಕು ಕಾಳು ಬಿಟ್ಟು ಬಂದೆ. ಬಾನುಬಿ ಆ ಕಾಳು ಆರಿಸಿ ಕೋಳಿಗೆ ಹಾಕುತ್ತಿದ್ದಳು, ನೆನಪಿದೆಯಾ? ಆ ಹುಡುಗಿ ಇಷ್ಟು ಓದಿದ ಮೇಲೆ ಊರ ಹೆಂಗಸರ ನೆತ್ತರು ಉಡಿ ತುಂಬಾ ಒಯ್ದಳು, ಹೊಸ್ತಿಲ ಮೇಲೆ ಒಂದು ಕಾಳನ್ನೂ ಬಿಡಲಿಲ್ಲ.

ಬಾಗೇವಾಡಿಯಿಂದ ಬಂದ ಮಾರನೇ ದಿನವೇ ರೇಣುಕಾಳನ್ನು ಸಿಂದಗಿಯ ಸರಕಾರಿ ದವಾಖಾನೆಗೆ ಕರೆದುಕೊಂಡು ಹೋದೆ. ಅಲ್ಲಿಯ ಡಾಕ್ಟರಮ್ಮ ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ರಕ್ತ ತಪಾಸಣೆ ಮಾಡಿ, ಮುಖ ಗಂಟು ಹಾಕಿದಳು. "ಇಷ್ಟ ದಿನಾ ಎಲ್ಲಿದ್ರಿ? ಇನ್ನೊಂದ ತಿಂಗಳ ಬಿಟ್ಟಿದ್ರ ಇಬ್ಬರೂ ಕೈಯಾಗ ಉಳೀತಿರಲಿಲ್ಲ" ಎಂದಳು. ಎಲ್ಲಿದ್ದೆವು ಎಂದು ಏನು ಹೇಳಲಿ? ಪರದೆಯ ಮೇಲೆ ಇದ್ದೆವು. ರಕ್ತ ಏರಿಸಿದರು. ಈಗ ಅವಳ ತುಟಿಗೆ ಬಣ್ಣ ಬಂದಿದೆ, ಮೊನ್ನೆ ದುಂಡೇಶನಿಗೆ ಬೈಯುವಷ್ಟು ದನಿಯೂ ಬಂದಿದೆ.

ಆದರೆ ಪರದೆಯ ಮೇಲಿನ ಕೆಂಪು ಚುಕ್ಕಿ ಒಂದೇ ಆಗಿರಲಿಲ್ಲ. ಉಳಿದವರು ಯಾರು? ಎಲ್ಲರೂ ಸಿಂದಗಿಗೆ ಬರ್ರಿ ಎಂದರೆ, "ನನಗೇನಾಗೈತಿ, ಕಲ್ಲಿನಂಗ ಅದೇನಿ" ಎನ್ನುತ್ತಾರೆ. ಕೂಲಿ ಬಿಟ್ಟು ಸುಮ್ಮನೆ ಯಾರು ಬರುತ್ತಾರೆ? ಬಾನುಬಿ ಸರಿಯಾಗಿ ಹೇಳಿದಳು, "ಕೆಂಪ ಚುಕ್ಕಿ ನಾನ ಅಂತ ಹೇಳ್ಲಿ, ಇವತ್ತ ಹೊಂಡ್ತೇನಿ." ನಮ್ಮಲ್ಲಿ ಅರಿವಿಲ್ಲ ಎಂದು ಮೈಕಿನಲ್ಲಿ ಸಾರಿದೆ. ಅರಿವು ನಿನ್ನ ಕೈಯಲ್ಲಿತ್ತು. ಅದಕ್ಕೆ ಬೀಗ ಜಡಿದು ನಮ್ಮನ್ನೇ ಅರಿವುಗೇಡಿಗಳು ಎಂದೆ.

ನಿನ್ನ ಜವಾಬು ನಿನ್ನ ಅಪ್ಪನ ಫೋನಿನಲ್ಲಿ ಕೇಳಿಸಿಕೊಂಡೆ. "ಆಯಿ, ಅಧ್ಯಯನ ಮುಗಿಯೂತನಕ ಯಾರ ಫಲಿತಾಂಶನೂ ಹೇಳಬಾರದಂತ ಸರ್ ನಿಯಮ ಮಾಡ್ಯಾರ. ಮುಂದಿನ ತಿಂಗಳ ಎರಡನೇ ಸಲ ರಕ್ತ ತಗೋಬೇಕು. ಊರವರು ಕೊಡಲಿಲ್ಲಂದ್ರ ನನ್ನ ಪಿಎಚ್‌ಡಿ ನಿಂತ ಹೋಗ್ತೈತಿ." ಅಳುವ ದನಿ ಇತ್ತು. ನಾನೇ ಎತ್ತಿ ಆಡಿಸಿದ ಕೂಸು. ಆದರೂ ಹೇಳುತ್ತೇನೆ, ನಿಲ್ಲಲಿ. ನಿಂತ ಪಿಎಚ್‌ಡಿ ಮತ್ತೆ ನಡೆಯುತ್ತದೆ. ಹೊಟ್ಟೆಯೊಳಗೆ ನಿಂತ ಉಸಿರು ನಡೆಯುವುದಿಲ್ಲ. ನಿಯಮ ಮಾಡಿದ ಸಾಹೇಬರ ಹೆಂಡತಿಯೋ ಮಗಳೋ ಆ ಕೆಂಪು ಚುಕ್ಕಿಯಾಗಿದ್ದರೆ ಅವರು ಅಧ್ಯಯನ ಮುಗಿಯುವತನಕ ಕಾಯುತ್ತಿದ್ದರೇ? ಹೋಗಿ ಕೇಳು. ಅಂಜಿಕೆಯಾದರೆ ಈ ಕಾಗದವನ್ನೇ ಅವರ ಮುಂದೆ ಇಡು.

ನಿನ್ನ ವಿದ್ಯೆ ನಮಗೆ ಬೇಡ ಎಂದು ನಾನು ಜಗಳ ತೆಗೆದಿಲ್ಲ. ಬೇಕು, ಅದಕ್ಕೇ ಈ ಜಗಳ. ರೇಣುಕಾಳ ಏದುಸಿರು ನೋಡಿಯೂ ನನಗೆ ಏನೂ ತಿಳಿಯಲಿಲ್ಲ, ನಿನ್ನ ಸೂಜಿಗೆ ತಿಳಿದಿತ್ತು. ಅದು ಬಾಯಿ ಬಿಡಲಿ.

ಊರಿನಲ್ಲಿ ಮನೆಮನೆಗೆ ಹೋಗಿ ಹೇಳಿ ಬಂದಿದ್ದೇನೆ. ಮೊದಲ ರಕ್ತದ ಮಾತು ತಿರುಗಿ ಬರುವತನಕ ಒಬ್ಬಳೂ ತೋಳಿನ ಮೇಲಿನ ಸೆರಗು ಸರಿಸಬಾರದು. ಕರೆತಂದವಳು ನಾನು, ತಡೆಯುವವಳೂ ನಾನೇ. ಜೀಪು ಬಂದರೆ ಊರ ಅಗಸಿ ಬಾಗಿಲಲ್ಲಿ ನಾನು, ಬಾನುಬಿ, ನಮ್ಮ ಕುರಿ ಹಿಂಡು ಅಡ್ಡ ಕೂತಿರುತ್ತೇವೆ. ಹಾರ್ನು ಹೊಡೆದರೆ ಕುರಿ ಏಳುತ್ತವೆ, ನಾವು ಏಳುವುದಿಲ್ಲ. ನೀನು ಮಾತ್ರ ನಡೆದು ಬಾ. ಗುಡಿಯ ಕಟ್ಟೆಯ ಮೇಲೆ ಕೂತು, ನಮ್ಮ ಮಾತಿನಲ್ಲಿ, ಒಬ್ಬೊಬ್ಬಳನ್ನೂ ಹತ್ತಿರ ಕರೆದು ಅವಳವಳ ರಕ್ತದ ಸುದ್ದಿ ಅವಳವಳ ಕಿವಿಗೆ ಹೇಳು. ಯಾರಿಗೆ ಏನು ಔಷಧ, ಯಾರು ಸಿಂದಗಿಗೆ ಹೋಗಬೇಕು, ಹೇಳು. ಅದು ನಿನ್ನ ಉಪನ್ಯಾಸ. ಚಪ್ಪಾಳೆ ಬೀಳಲಿಕ್ಕಿಲ್ಲ, ಬಾನುಬಿ ನಗಿಸುತ್ತಾಳೆ. ಆಮೇಲೆ ಎರಡನೇ ಸಲದ ಸೂಜಿ ತೆಗೆ. ಮೊದಲ ತೋಳು ನನ್ನದು.

ಹಟಮಾರಿತನ ಯಾರಿಂದ ಬಂತು ಎಂದು ನಿನ್ನನ್ನು ಕೇಳಿದರೆ ನನ್ನ ಹೆಸರು ಹೇಳುತ್ತಿದ್ದೆ. ಈಗ ಅದನ್ನು ಸಾಹೇಬರ ಮುಂದೆ ತೋರಿಸು. ನೌಕರಿ ಹೋದರೆ ಮನೆಗೆ ಬಾ. ಗಡಿಗೆಯಲ್ಲಿ ಜೋಳ ಇದೆ, ನನ್ನ ಕೈಯಲ್ಲಿ ರೊಟ್ಟಿ ಬಡಿಯುವ ಕಸುವು ಇದೆ.

ನಿನ್ನ ಕೈಗುಣ ಚೆನ್ನಾಗಿರಲಿ, ನಿನ್ನ ಉಡಿ ಎಂದೂ ಬರಿದಾಗದಿರಲಿ, ತವರನ್ನು ಬರಿದು ಮಾಡುವ ಬುದ್ಧಿ ನಿನಗೆ ಬಾರದಿರಲಿ. ಅಮೋಘಸಿದ್ಧ ನಿನ್ನ ಬೆನ್ನ ಹಿಂದೆ ಇರಲಿ, ನಿನ್ನ ಮುಂದೆ ನಾನಿದ್ದೇನೆ.

ಸ್ಟಡಿ ವಿಲೇಜ್‌ನವಳು,
ನಿನ್ನ ಆಯಿ,
ರೇವವ್ವ

ಮುಂದಿನ ತಿಂಗಳು ಹುಟ್ಟುವುದರೊಳಗೆ ಉತ್ತರ ಬರೆ. ಚುಕ್ಕಿ ಬೇಡ, ಹೆಸರು ಬರೆ.